ಕಾಡಿನಲ್ಲಿ ಪೇಗನ್ ಕೂಟಕ್ಕೆ ಕರೆದಿದ್ದಾರೆ, ಹೋಗಬಹುದಾ?

ನೀವು ಕೇಳಿದ್ದು ಇಷ್ಟು: ಇಂಗ್ಲೆಂಡಿಗೆ ಬಂದು ಎಂಟು ತಿಂಗಳಾಗಿದೆ. ಜೊತೆಯಲ್ಲಿ ಕೆಲಸ ಮಾಡುವವರು ಮೇ ಮೊದಲ ವಾರಾಂತ್ಯಕ್ಕೆ ಕಾಡಿನಲ್ಲಿ ನಡೆಯುವ ಪೇಗನ್ ಕೂಟಕ್ಕೆ ಕರೆದಿದ್ದಾರೆ. ಅಲ್ಲಿ ಮಾಟಮಂತ್ರ ಮಾಡುತ್ತಾರಾ? ಮನೆಯಲ್ಲಿ ದಿನಾ ದೀಪ ಹಚ್ಚುವ ನಾನು ಹೋದರೆ ತಪ್ಪಾಗುತ್ತದಾ?

ತಪ್ಪಿಲ್ಲ, ಹೋಗಿ ಬನ್ನಿ. ಪೇಗನ್ನರು ಅಂದರೆ ಕ್ರೈಸ್ತ ಧರ್ಮಕ್ಕೂ ಮುಂಚಿನ ಹಳೆಯ ದೇವರುಗಳನ್ನು, ಪ್ರಕೃತಿಯನ್ನು ಪೂಜಿಸುವವರು. ನಾನು ಪುತ್ತೂರಿನವಳು, ಇಲ್ಲಿಗೆ ಬಂದು ಒಂಬತ್ತು ವರ್ಷವಾಯಿತು. ಇಂಥ ಕೂಟಕ್ಕೆ ಮೂರು ಸಲ ಹೋಗಿದ್ದೇನೆ. ಮೊದಲ ಸಲ ನನಗೂ ಇದೇ ಅಳುಕು ಇತ್ತು.

ಮೊದಲು ಭಯದ ಮಾತು ಮುಗಿಸಿಬಿಡೋಣ. ಇವರು ಸೈತಾನನನ್ನು ಪೂಜಿಸುವವರಲ್ಲ. ಸೈತಾನ ಕ್ರೈಸ್ತ ನಂಬಿಕೆಯೊಳಗಿನವನು, ಪೇಗನ್ನರಲ್ಲಿ ಅವನಿಗೆ ಜಾಗವೇ ಇಲ್ಲ. ಕತ್ತಿನಲ್ಲಿ ಐದು ಮೂಲೆಯ ನಕ್ಷತ್ರ ಹಾಕಿಕೊಂಡವರು ಕಾಣುತ್ತಾರೆ. ಮಣ್ಣು, ಗಾಳಿ, ಬೆಂಕಿ, ನೀರು, ಐದನೆಯದು ಚೇತನ ಅಂತ ಅವರು ಅದನ್ನು ಓದುತ್ತಾರೆ. ಪಂಚಭೂತ ಕೇಳಿ ಬೆಳೆದ ನಮಗೆ ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ, ಅಲ್ವಾ? ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಸುಮಾರು 74,000 ಜನ ತಮ್ಮ ಧರ್ಮ ಪೇಗನ್ ಅಂತ ಬರೆದಿದ್ದರು. ಪೇಗನ್ ಪಂಥಗಳಲ್ಲಿ ಒಂದಾದ ವಿಕ್ಕಾ ಅಂತ ಬೇರೆಯಾಗಿ ಬರೆದವರು ಸುಮಾರು 13,000. ನರ್ಸ್‌ಗಳು, ಟೀಚರ್‌ಗಳು, ಬಡಗಿಗಳು ಎಲ್ಲರೂ ಇದರಲ್ಲಿ ಇದ್ದಾರೆ.

ಇದು ಅನಾದಿ ಕಾಲದಿಂದ ತುಂಡಾಗದೆ ಬಂದ ಧರ್ಮ ಅಂತ ಮಾತ್ರ ತಿಳಿಯಬೇಡಿ. ಇಲ್ಲಿನ ಹಳೆಯ ದೇವರುಗಳ ಪೂಜೆ ಕ್ರೈಸ್ತ ಧರ್ಮ ಬಂದ ಮೇಲೆ ನಿಂತುಹೋಗಿತ್ತು. 1735ರ ವಾಮಾಚಾರದ ಕಾಯ್ದೆ 1951ರಲ್ಲಿ ರದ್ದಾಯಿತು. ಆಮೇಲೆ, 1954ರಲ್ಲಿ, ಜೆರಾಲ್ಡ್ ಗಾರ್ಡ್ನರ್ ಎಂಬವರು ತಮ್ಮ ಪಂಗಡದ ಬಗ್ಗೆ ಬಹಿರಂಗವಾಗಿ ಬರೆದರು. ವಿಕ್ಕಾ ಹರಡಿದ್ದು ಅಲ್ಲಿಂದ. ವರ್ಷಕ್ಕೆ ಎಂಟು ಹಬ್ಬಗಳ ಚಕ್ರ ಒಂದಾಗಿ ಕೂಡಿಕೊಂಡದ್ದೂ ಅದೇ ಕಾಲದ ಆಸುಪಾಸಿನಲ್ಲಿ. ಕೂಟಕ್ಕೆ ಬರುವವರಲ್ಲಿ ತುಂಬಾ ಜನಕ್ಕೆ ಇದೆಲ್ಲ ಗೊತ್ತು, ಮುಚ್ಚಿಡುವುದೂ ಇಲ್ಲ. ಕಳೆದುಹೋದದ್ದನ್ನು ಗೊತ್ತಿದ್ದೂ ಮತ್ತೆ ಕಟ್ಟುತ್ತಿದ್ದಾರೆ. ನನಗೆ ಅವರ ಮೇಲೆ ಗೌರವ ಬಂದದ್ದೇ ಇದಕ್ಕೆ.

ನಿಮ್ಮನ್ನು ಕರೆದಿರುವುದು ಬೆಲ್ಟೇನ್ ಹಬ್ಬಕ್ಕೇ ಇರಬೇಕು. ಬೇಸಿಗೆ ಬಂತು ಅನ್ನುವ ಹಬ್ಬ ಅದು. ಆ ಹೊತ್ತಿಗೆ ಕಾಡಿನ ನೆಲದ ತುಂಬ ಬ್ಲೂಬೆಲ್ ಹೂ ಇರುತ್ತದೆ. ಅದನ್ನು ತುಳಿಯಬೇಡಿ, ತುಳಿದರೆ ಗಿಡ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಶುಕ್ರವಾರ ಸಂಜೆ ಟೆಂಟ್ ಹಾಕುವುದು, ಸೌದೆ ಹೊರುವುದು, ಪರಿಚಯ, ಅಷ್ಟೇ. ಶನಿವಾರ ಮೇಪೋಲ್ ಕುಣಿತ. ಉದ್ದ ಕಂಬದ ತುದಿಯಿಂದ ಇಳಿಬಿಟ್ಟ ರಿಬ್ಬನ್‌ಗಳನ್ನು ಹಿಡಿದು, ಒಬ್ಬರ ಒಳಗೆ ಒಬ್ಬರ ಹೊರಗೆ ಸುತ್ತುತ್ತಾ ಹೆಣೆಯುತ್ತಾರೆ. ನಮ್ಮ ಜಡೆ ಕೋಲಾಟ ನೋಡಿದವರಿಗೆ ಕಾಲು ತಾನಾಗಿ ಹೆಜ್ಜೆ ಹಿಡಿಯುತ್ತದೆ.

ಮುಖ್ಯ ಪೂಜೆ ಕತ್ತಲಾಗುವ ಹೊತ್ತಿಗೆ. ಮೇ ಶುರುವಿನಲ್ಲಿ ಸೂರ್ಯ ಮುಳುಗುವುದೇ ಎಂಟೂವರೆ ಸುಮಾರಿಗೆ. ಎಲ್ಲರೂ ದುಂಡಗೆ ನಿಲ್ಲುತ್ತಾರೆ. ಒಬ್ಬರು ಸುತ್ತ ನಡೆದು ಆ ಜಾಗವನ್ನು ಪೂಜೆಗೆ ಅಂತ ಕಟ್ಟುತ್ತಾರೆ. ಪೂರ್ವಕ್ಕೆ ತಿರುಗಿ ಗಾಳಿಯನ್ನು, ದಕ್ಷಿಣಕ್ಕೆ ಬೆಂಕಿಯನ್ನು, ಪಶ್ಚಿಮಕ್ಕೆ ನೀರನ್ನು, ಉತ್ತರಕ್ಕೆ ಮಣ್ಣನ್ನು ಕರೆಯುತ್ತಾರೆ. ಓಡಾಟವೆಲ್ಲ ಸೂರ್ಯ ಹೋಗುವ ದಿಕ್ಕಿನಲ್ಲಿ, ನಾವು ಪ್ರದಕ್ಷಿಣೆ ಹಾಕುವ ಹಾಗೆಯೇ. ನಡುವೆ ಹೊರಗೆ ಹೋಗಬೇಕಾದರೆ ಸುಮ್ನೆ ದಾಟಿ ಹೋಗಬೇಡಿ. ಪಕ್ಕದವರಿಗೆ ಹೇಳಿದರೆ ಒಂದು ಬಾಗಿಲು ತೆರೆದ ಹಾಗೆ ಮಾಡಿ ಬಿಡುತ್ತಾರೆ. ಪೂಜೆಯ ಸಾಮಾನು ಮುಟ್ಟಬೇಡಿ, ಫೋನ್ ಟೆಂಟಿನಲ್ಲೇ ಇಡಿ. ಕೆಲವರು ಮನೆಯಲ್ಲೋ ಆಫೀಸಿನಲ್ಲೋ ತಮ್ಮ ನಂಬಿಕೆಯ ವಿಷಯ ಹೇಳಿಕೊಂಡಿರುವುದಿಲ್ಲ. ನಿಮ್ಮ ಒಂದು ಫೋಟೋದಿಂದ ಅವರಿಗೆ ತೊಂದರೆ ಆಗಬಹುದು. ಕೊನೆಗೆ ರೊಟ್ಟಿಯ ತುಂಡು ಮತ್ತು ಜೇನಿನ ಮದ್ಯ ಎಲ್ಲರ ಕೈಗೂ ಬರುತ್ತದೆ. ಕುಡಿಯುವುದಿಲ್ಲ ಅಂದರೆ ಜ್ಯೂಸ್ ಕೊಡುತ್ತಾರೆ, ಯಾರೂ ಒತ್ತಾಯ ಮಾಡುವುದಿಲ್ಲ.

ಆಮೇಲೆ ಬೆಂಕಿ. ಹಿಂದೆ ಐರ್ಲೆಂಡಿನಲ್ಲಿ ಈ ಹಬ್ಬದ ದಿನ ಎರಡು ಬೆಂಕಿ ಹಾಕಿ, ರೋಗ ಬರದಿರಲಿ ಅಂತ ದನಗಳನ್ನು ನಡುವೆ ಓಡಿಸುತ್ತಿದ್ದರು ಅಂತ ಹಳೆಯ ಬರಹಗಳಲ್ಲಿ ಇದೆ. ಇದನ್ನು ಕೇಳಿದಾಗ ನನಗೆ ಮೈ ಜುಮ್ಮೆಂದಿತು. ನನ್ನ ಅತ್ತೆಯ ಊರು ಮಂಡ್ಯ ಕಡೆ. ಸಂಕ್ರಾಂತಿಯ ಸಂಜೆ ಅಲ್ಲಿ ಕಿಚ್ಚು ಹಾಯಿಸುವುದನ್ನು ನಾನೇ ನೋಡಿದ್ದೇನೆ. ಈಗ ಇಲ್ಲಿ ದನಗಳಿಲ್ಲ. ಬೆಂಕಿ ಸಣ್ಣದಾದ ಮೇಲೆ ಜನರೇ ಹಾರುತ್ತಾರೆ. ಹಾರಿದರೆ ಹತ್ತಿ ಬಟ್ಟೆ ಹಾಕಿಕೊಳ್ಳಿ. ಪಾಲಿಯೆಸ್ಟರ್, ಉದ್ದ ದುಪಟ್ಟಾ ಬೇಡವೇ ಬೇಡ.

ಮೊದಲ ಸಲ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಭಾರತದವಳು ಅಂತ ಗೊತ್ತಾದ ಕೂಡಲೇ ಯಾರೋ ಮಂತ್ರ ಹೇಳಲು ಕೇಳಿದರು. ನಾನು ಹೇಳಿದೆ, ಎಲ್ಲರೂ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಎಲ್ಲದಕ್ಕೂ ‘ಇದು ನಮ್ಮಲ್ಲೂ ಇದೆ, ಸಾವಿರಾರು ವರ್ಷದಿಂದ ಇದೆ’ ಅನ್ನುತ್ತಾ ಹೋದೆ. ಊರಲ್ಲಿ ನಮ್ಮ ಕುಟುಂಬದ ನಾಗಬನ ಇದೆ, ಅಲ್ಲಿ ಒಂದು ಕಡ್ಡಿಯನ್ನೂ ಮುರಿಯುವುದಿಲ್ಲ ಅಂತಲೂ ಹೇಳಿದೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ತುಂಬಾ ಪ್ರೀತಿಯಿಂದ ಕೇಳಿದರು: ‘ಆ ಬನವನ್ನು ಈಗ ಯಾರು ನೋಡಿಕೊಳ್ಳುತ್ತಾರೆ?’

ನನ್ನ ಬಾಯಿ ಕಟ್ಟಿತು. ಆ ಬನದಲ್ಲಿ ಈಗ ಇರುವುದು ಎರಡೇ ಮರ. ಉಳಿದವನ್ನು ಕಡಿದು, ಕಾಂಕ್ರೀಟ್ ಕಟ್ಟೆ ಕಟ್ಟಿ, ಟೈಲ್ಸ್ ಹಾಕಿಸಿದ್ದಾರೆ. ಕರಾವಳಿಯಲ್ಲಿ ಹೀಗಾದ ಬನಗಳು ಎಷ್ಟೋ. ವರ್ಷಕ್ಕೊಮ್ಮೆ ನಾಗನಿಗೆ ತಂಬಿಲ ಅನ್ನುವ ಪೂಜೆ ಆಗುತ್ತದೆ, ನಾವು ಹೆಂಗಸರು ದೂರ ನಿಂತು ಕೈ ಮುಗಿಯುತ್ತೇವೆ. ಇಲ್ಲಿ ನಿನ್ನೆ ಮೊನ್ನೆ ಶುರುವಾದ ಪೂಜೆಯಲ್ಲಿ ಒಬ್ಬ ಹೆಂಗಸು ನಡುವೆ ನಿಂತು ದೇವಿಯನ್ನು ಕರೆದಿದ್ದರು. ಆ ಗುಂಪಿನವರು ಪ್ರತಿ ಚಳಿಗಾಲ ಅದೇ ಕಾಡಿನಲ್ಲಿ ಸಸಿ ನೆಡುತ್ತಾರೆ. ಹಳೆಯದು ನಮ್ಮದು ನಿಜ, ಆದರೆ ಕಾಪಾಡುವ ಕೆಲಸ ಮಾಡುತ್ತಿದ್ದವರು ಅವರು. ಆ ರಾತ್ರಿ ನನಗೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಚಿಕ್ಕಪ್ಪನ ಹತ್ತಿರ ಮಾತಾಡಿ, ಕಟ್ಟೆಯ ಸುತ್ತ ರೆಂಜೆ, ಹೊನ್ನೆ ಸಸಿ ನೆಡಿಸಿದೆ. ಐದು ಬದುಕಿವೆ.

ಅದಕ್ಕೇ ಹೇಳುತ್ತೇನೆ, ಅತಿಥಿಯಾಗಿ ಹೋಗಿ, ನೋಡಿ, ಕೇಳಿ, ಪಾತ್ರೆ ತೊಳೆಯಲು ಕೈ ಜೋಡಿಸಿ. ಮಂತ್ರ ಹೇಳಲು ಕೇಳಿದರೆ, ಮನಸ್ಸಿದ್ದರೆ ಮಾತ್ರ ಹೇಳಿ.

ಹೋಗುವ ಮುಂಚೆ ನಡೆಸುವವರನ್ನು ಎರಡು ವಿಷಯ ಕೇಳಿ. ಒಂದು, ಬಟ್ಟೆಯಿಲ್ಲದೆ ಮಾಡುವ ಪೂಜೆ ಏನಾದರೂ ಇದೆಯಾ? ವಿಕ್ಕಾದ ಕೆಲವು ಖಾಸಗಿ ಗುಂಪುಗಳಲ್ಲಿ ಅದು ಇದೆ. ನಾನು ಹೋದ ಕೂಟಗಳಲ್ಲಿ ಇರಲಿಲ್ಲ, ಆದರೂ ಕೇಳಿಕೊಂಡರೆ ನೆಮ್ಮದಿ. ಎರಡು, ಯಾರಾದರೂ ಅತಿಯಾಗಿ ನಡೆದುಕೊಂಡರೆ ಯಾರಿಗೆ ಹೇಳಬೇಕು? ಒಳ್ಳೆಯ ಕೂಟಗಳಲ್ಲಿ ಇದಕ್ಕೆ ಅಂತಲೇ ಜನ ಇರುತ್ತಾರೆ. ಉತ್ತರ ಸರಿಯಾಗಿ ಬರದಿದ್ದರೆ ಹೋಗಬೇಡಿ.

ಮೇ ತಿಂಗಳಲ್ಲೂ ರಾತ್ರಿ ಚಳಿ ಕೊರೆಯುತ್ತದೆ. ಒಳ್ಳೆಯ ಸ್ಲೀಪಿಂಗ್ ಬ್ಯಾಗ್, ಉಣ್ಣೆಯ ಕಾಲುಚೀಲ, ಟಾರ್ಚ್ ಬೇಕೇ ಬೇಕು. ಹುಲ್ಲಿನಲ್ಲಿ ಉಣುಗು ಇರುತ್ತದೆ, ಲೈಮ್ ಕಾಯಿಲೆ ಬರುವುದು ಅದರಿಂದಲೇ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಿ, ಮಲಗುವ ಮುಂಚೆ ಮೈ ನೋಡಿಕೊಳ್ಳಿ. ಊಟಕ್ಕೆ ಎಲ್ಲರೂ ಏನಾದರೂ ತರುತ್ತಾರೆ, ಸಸ್ಯಾಹಾರಕ್ಕೆ ಕಷ್ಟವಿಲ್ಲ. ನಾನು ಪ್ರತಿ ಸಲ ಪುಳಿಯೋಗರೆ ಗೊಜ್ಜು ಒಯ್ದು ಅಲ್ಲೇ ಬಿಸಿ ಅನ್ನಕ್ಕೆ ಕಲಸುತ್ತೇನೆ. ಕಡಲೆಬೀಜ ಮಾತ್ರ ಬೇರೆ ಡಬ್ಬಿಯಲ್ಲಿ ಇಡಿ, ಇಲ್ಲಿ ಅದರ ಅಲರ್ಜಿ ಇರುವವರು ಜಾಸ್ತಿ.