ಬಾರ್ಬಡೋಸ್‌ನಲ್ಲಿ ಹಡಗು ಒಂದೇ ದಿನ ನಿಲ್ಲುತ್ತದೆ, ಏನು ನೋಡಲಿ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಜನವರಿಯಲ್ಲಿ ನಮ್ಮಿಬ್ಬರನ್ನೂ ಕೆರಿಬಿಯನ್ ಕ್ರೂಸ್‌ಗೆ ಕರೆದುಕೊಂಡು ಹೋಗುತ್ತಿದ್ದಾಳೆ. ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್‌ನಲ್ಲಿ ಹಡಗು ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ನಿಲ್ಲುತ್ತದಂತೆ. ನಮ್ಮ ಯಜಮಾನರಿಗೆ ಕ್ರಿಕೆಟ್ ಅಂದರೆ ಪ್ರಾಣ. ನನಗೆ ಮಂಡಿ ನೋವು, ಮೀನು ಮಾಂಸ ಮುಟ್ಟುವುದಿಲ್ಲ. ಹಡಗಿನವರ ಟೂರ್ ತಗೊಳ್ಳೋದಾ, ನಾವೇ ಸುತ್ತೋದಾ?
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ನೀವೇ ಸುತ್ತಿ ಅಮ್ಮಾ. ದ್ವೀಪ ಬರೀ 34 ಕಿಲೋಮೀಟರ್ ಉದ್ದ, 23 ಅಗಲ, ನಮ್ಮ ಬೆಂಗಳೂರಿಗಿಂತ ಚಿಕ್ಕದು. ಅದಕ್ಕೇ ಎಲ್ಲರೂ ಗುಹೆ, ಪೂರ್ವದ ಕಡಲು, ತೋಟ ಎಲ್ಲಾ ಒಂದೇ ದಿನದಲ್ಲಿ ಮುಗಿಸಲು ಹೋಗುತ್ತಾರೆ, ವ್ಯಾನ್ ಹತ್ತಿ ಇಳಿದೇ ಮಂಡಿ ಸೋಲುತ್ತದೆ. ಎರಡು ಜಾಗ ಸಾಕು. ಆದರೆ ಒಂದು ಮಾತು. ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತದೆ, ನೀವಾಗೇ ಹೋದರೆ ಕಾಯುವುದಿಲ್ಲ. ಜನವರಿಯಲ್ಲಿ ಬಾರ್ಬಡೋಸ್ ಗಡಿಯಾರ ಮಯಾಮಿಗಿಂತ ಒಂದು ಗಂಟೆ ಮುಂದಿರುತ್ತದೆ, ಹಡಗಿನ ಗಡಿಯಾರ ಯಾವುದನ್ನು ಹಿಡಿದಿದೆ ಅಂತ ಇಳಿಯುವ ಮೊದಲೇ ಕೇಳಿ, 4 ಗಂಟೆಗೆಲ್ಲ ವಾಪಸ್ ಬಂದುಬಿಡಿ. ಹಡಗು ಮಯಾಮಿಗೋ, ಅಮೆರಿಕಕ್ಕೇ ಸೇರಿದ ಪೋರ್ಟೊರಿಕೊದ ಸ್ಯಾನ್ ಜುವಾನ್‌ಗೋ ಮರಳುವುದಾದರೆ ನಿಮ್ಮ ಅಮೆರಿಕ ವೀಸಾ ಮಲ್ಟಿಪಲ್ ಎಂಟ್ರಿ ಇರಲೇಬೇಕು, ಈಗಲೇ ನೋಡಿಕೊಳ್ಳಿ.

ಮೊದಲು ಕೆನ್ಸಿಂಗ್‌ಟನ್ ಓವಲ್ ಕ್ರಿಕೆಟ್ ಮೈದಾನ. ಬಂದರಿಗೆ ಹತ್ತಿರವೇ ಇದೆ, ನೀವು ಟ್ಯಾಕ್ಸಿ ಹಿಡಿಯಿರಿ. ಹೊರಗೆ ವೆಸ್ಟ್ ಇಂಡೀಸ್‌ನ ಹೆಸರಾಂತ ಆಟಗಾರ ಗ್ಯಾರಿ ಸೋಬರ್ಸ್ ಪ್ರತಿಮೆ ಇದೆ. ಒಳಗೆ ಬಿಡುತ್ತಾರಾ ಅಂತ ಗೇಟಿನಲ್ಲಿ ಕೇಳಿ. 1997ರ ಟೆಸ್ಟ್‌ನಲ್ಲಿ ಇಲ್ಲೇ ಅಲ್ವಾ ನಾವು ವೆಸ್ಟ್ ಇಂಡೀಸ್ ವಿರುದ್ಧ ಗೆಲ್ಲಲು ಬೇಕಿದ್ದ 120 ಹೊಡೆಯಲಾಗದೆ 81ಕ್ಕೆ ಆಲೌಟ್ ಆಗಿದ್ದು, ನಿಮ್ಮ ಯಜಮಾನರಿಗೆ ಖಂಡಿತ ನೆನಪಿರುತ್ತದೆ. ಆ ತಂಡದಲ್ಲಿ ನಮ್ಮ ದ್ರಾವಿಡ್ ಇದ್ದರು, ಮೊದಲ ಇನಿಂಗ್ಸ್‌ನಲ್ಲಿ 78 ಹೊಡೆದಿದ್ದರು. 2024ರ ಜೂನ್ 29ರಂದು ಅದೇ ಮೈದಾನದಲ್ಲಿ ದಕ್ಷಿಣ ಆಫ್ರಿಕಾವನ್ನು 7 ರನ್‌ನಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದಾಗ ಅವರೇ ಕೋಚ್. ಅವತ್ತು ಅವರು ಕಪ್ ಎತ್ತಿ ಕೂಗಿದ್ದು ಈ ಹುಲ್ಲಿನ ಮೇಲೇ. ಈ ಜಾಗಕ್ಕೆ ಒಂದು ಗಂಟೆ ಪೂರ್ತಿ ಕೊಡಿ, ಅವಸರ ಮಾಡಬೇಡಿ.

ಟ್ಯಾಕ್ಸಿಗೆ ಮೀಟರ್ ಇಲ್ಲ. ಹತ್ತುವ ಮೊದಲೇ ದರ ಕೇಳಿ, ಯಾವ ಡಾಲರ್ ಅಂತಲೂ ಕೇಳಿ. ಒಂದು ಅಮೆರಿಕನ್ ಡಾಲರ್‌ಗೆ ಎರಡು ಬಾರ್ಬಡೋಸ್ ಡಾಲರ್, ಎರಡೂ ಓಡುತ್ತವೆ, ಕೇಳದಿದ್ದರೆ ಸುಮ್ನೆ ದುಪ್ಪಟ್ಟು ಕೊಟ್ಟುಬಿಡುತ್ತೀರಿ.

ಆಮೇಲೆ ಕಾರ್ಲೈಲ್ ಬೇ ಕಡಲತೀರ. ನೀರು ಶಾಂತ, ಕುರ್ಚಿ ಕೊಡೆ ಬಾಡಿಗೆಗೆ ಸಿಗುತ್ತವೆ, ಕಾಲು ನೀರಿಗಿಟ್ಟು ಕೂರಬಹುದು. ದ್ವೀಪದ ಕೆಲವು ಕಡಲತೀರಗಳಲ್ಲಿ ಮ್ಯಾಂಚಿನೀಲ್ ಅನ್ನುವ ಮರ ಇರುತ್ತದೆ, ಹಲವು ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಪುಟ್ಟ ಹಸಿರು ಸೇಬಿನಂಥ ಕಾಯಿ, ಮುಟ್ಟಲೇಬೇಡಿ, ವಿಷ. ಮಳೆ ಬಂತು ಅಂತ ಅದರ ಕೆಳಗೆ ನಿಂತರೂ ಎಲೆಯಿಂದ ತೊಟ್ಟಿಕ್ಕಿದ ನೀರಿಗೆ ಮೈ ಬೊಬ್ಬೆ ಏಳುತ್ತದೆ. ಇನ್ನೊಂದು, ಮಿಲಿಟರಿ ಡಿಸೈನಿನ ಟೋಪಿ, ಚಡ್ಡಿ ಬೆಂಗಳೂರಲ್ಲೇ ಬಿಟ್ಟು ಹೋಗಿ, ಅಲ್ಲಿ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ಮಕ್ಕಳಿಗೂ ಅಷ್ಟೇ.

ಊಟಕ್ಕೆ ಹೆದರಬೇಡಿ. ಅವರ ಮನೆಯೂಟ ಕೂಕೂ ನೋಡಿದರೆ ನಮ್ಮ ಮುದ್ದೆಯೇ ಕಣ್ಣಿಗೆ ಬರುತ್ತದೆ. ಬೆಂಡೆಕಾಯಿ ಬೆಂದ ನೀರಿಗೆ ಮೆಕ್ಕೆಜೋಳದ ಹಿಟ್ಟು ಹಾಕಿ, ಚಪ್ಪಟೆ ಮರದ ಕೋಲಿನಲ್ಲಿ ಗಂಟಿಲ್ಲದಂತೆ ತಿರುವಿ, ಬೆಣ್ಣೆ ಸವರಿದ ಬಟ್ಟಲಿಗೆ ಹಾಕಿ ಮಗುಚುತ್ತಾರೆ. ಮೇಲೆ ಮೀನಿನ ಸಾರು ಸುರಿಯುತ್ತಾರೆ, ಅದು ಬೇಡ ಅಂತ ಮೊದಲೇ ಹೇಳಿ. ಮಂಗಳೂರಿನ ಕಡೆ ಜೀಗುಜ್ಜೆ ಅನ್ನುತ್ತಾರಲ್ಲ, ಅದೂ ಅಲ್ಲಿ ಸಿಗುತ್ತದೆ, ಬ್ರೆಡ್‌ಫ್ರೂಟ್ ಅಂತ ಕೇಳಿ.