ಚೀಲಕ್ಕೆ ಹಸಿರು ಬೂಷ್ಟು, ಅಣಬೆಗೆ ಉದ್ದ ಕಾಲು: ಶಿಲೀಂಧ್ರ ಉಣ್ಣುವ, ಉಸಿರಾಡುವ ರೀತಿ

ನೀವು ಬರೆದದ್ದು ಇಷ್ಟು: ಚೀಲದಲ್ಲಿ ಚಿಪ್ಪಣಬೆ (ಆಯ್ಸ್ಟರ್ ಅಣಬೆ) ಬೆಳೆಯಲು ಕುದಿಯುವ ನೀರನ್ನು ಹುಲ್ಲಿನ ಮೇಲೆ ಸುರಿದು ಅರ್ಧ ಗಂಟೆ ಬಿಟ್ಟಿರಿ, ಬೇಗ ಬೆಳೆಯಲಿ ಎಂದು ತವಡು ಬೆರೆಸಿದಿರಿ, 1 ಕೆಜಿ ಒಣ ಹುಲ್ಲಿಗೆ 50 ಗ್ರಾಂ ಬೀಜ (ಅಣಬೆಯ ಎಳೆ ಹಬ್ಬಿಸಿದ ಕಾಳು) ಹಾಕಿದಿರಿ. ಹತ್ತರಲ್ಲಿ ನಾಲ್ಕು ಚೀಲ ಹಸಿರಾದವು. ಉಳಿದವುಗಳಲ್ಲಿ ಬಂದ ಚಿಪ್ಪಣಬೆಗೆ ಕಾಲು ಉದ್ದ, ಟೋಪಿ ಅಂಗಿಯ ಗುಂಡಿಯಷ್ಟು. ಯೂರಿಯಾ ನೀರು ಚಿಮುಕಿಸಿ ಬಿಸಿಲಿಗಿಟ್ಟರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಮಾಡಬೇಡಿ. ಯಾಕೆ ಬೇಡ ಎನ್ನುವುದಕ್ಕೆ ಅಣಬೆ ಹೇಗೆ ಬದುಕುತ್ತದೆ ಎಂಬಲ್ಲಿಂದಲೇ ಶುರುಮಾಡಬೇಕು.

ಅಣಬೆ ಗಿಡವಲ್ಲ. ಅದರಲ್ಲಿ ಪತ್ರಹರಿತ್ತು ಇಲ್ಲ, ಬಿಸಿಲಿನಿಂದ ಆಹಾರ ಮಾಡಿಕೊಳ್ಳಲು ಬರುವುದಿಲ್ಲ. ಜೀವಕೋಶದ ಗೋಡೆ ಗಿಡಗಳಂತೆ ಸೆಲ್ಯುಲೋಸ್‌ನಿಂದಲ್ಲ, ಏಡಿ ಸೀಗಡಿಗಳ ಚಿಪ್ಪಿನಲ್ಲಿರುವ ಕೈಟಿನ್‌ನಿಂದ ಆಗಿದೆ. ಕೂಡಿಟ್ಟುಕೊಳ್ಳುವುದೂ ಪಿಷ್ಟವನ್ನಲ್ಲ, ನಮ್ಮ ಯಕೃತ್ತಿನಲ್ಲಿರುವಂಥ ಗ್ಲೈಕೋಜೆನ್. 1969ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ವಿಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಬೇರೆಯದೇ ಒಂದನ್ನು ಕೊಟ್ಟರು. ವಂಶಾವಳಿ ನೋಡಿದರೆ ಅವು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರ.

ನಾವು ಕೀಳುವ ಅಣಬೆ ಬರೀ ಹಣ್ಣು. ಮರ ಎನ್ನಬೇಕಾದದ್ದು ಚೀಲದೊಳಗೆ ಹಬ್ಬಿರುವ ಬಿಳಿ ಎಳೆಗಳ ಬಲೆ, ಅಂದರೆ ಕವಕಜಾಲ. ಚೆನ್ನಾಗಿರುವ ಒಂದು ಚೀಲದಿಂದ ಒಂದೇ ಒಂದು ಹುಲ್ಲುಕಡ್ಡಿ ಎಳೆದು ಉಗುರಿನಿಂದ ಸೀಳಿ ನೋಡಿ. ಹೊರಗೆ ಬಿಳಿ ಜೇಡರಬಲೆಯಂತೆ ಅಂಟಿಕೊಂಡಿರುವುದು ಒಳಗಿನ ಟೊಳ್ಳಿನಲ್ಲೂ ಇರುತ್ತದೆ. ಹುಲ್ಲಿನ ಬಣ್ಣ ತಿಳಿಯಾಗಿ, ನೆನೆದ ಕಾಗದದ ಹಾಗೆ ಹರಿದು ಬರುತ್ತದೆ. ಮೂಗಿಗೆ ಹಿಡಿದರೆ ತಾಜಾ ಅಣಬೆಯ ವಾಸನೆ. ಹುಲ್ಲಿನ ಗಟ್ಟಿತನವೆಲ್ಲ ಎಲ್ಲಿ ಹೋಯಿತು? ಎಳೆಗಳು ಅದನ್ನು ಕರಗಿಸಿ ಕುಡಿದವು.

ಒಂದೊಂದು ಎಳೆಯ ದಪ್ಪ ಸಾಮಾನ್ಯವಾಗಿ 2ರಿಂದ 10 ಮೈಕ್ರೋಮೀಟರ್, ತಲೆಗೂದಲಿಗಿಂತ ಎಷ್ಟೋ ಪಟ್ಟು ಸಣ್ಣ. ಬೆಳೆಯುವುದು ತುದಿಯಲ್ಲಿ ಮಾತ್ರ. ಅದಕ್ಕೆ ಬಾಯಿಯಿಲ್ಲ, ಹೊಟ್ಟೆಯಿಲ್ಲ. ಕಿಣ್ವಗಳನ್ನು ಹೊರಕ್ಕೆ ಬಿಟ್ಟು, ಹುಲ್ಲಿನ ಸೆಲ್ಯುಲೋಸ್ ಮತ್ತು ಲಿಗ್ನಿನ್ (ಹುಲ್ಲು, ಕಟ್ಟಿಗೆಗೆ ಗಟ್ಟಿತನ ಕೊಡುವ ವಸ್ತು) ಅನ್ನು ಹೊರಗೇ ಒಡೆದು, ಕರಗಿದ ಸಕ್ಕರೆಯನ್ನು ಮೈಯಿಂದ ಹೀರಿಕೊಳ್ಳುತ್ತದೆ. ನಿಮ್ಮ ತೊಂದರೆಯ ಬೇರು ಇಲ್ಲೇ ಇದೆ. ಊಟ ದೇಹದ ಹೊರಗೆ ತಯಾರಾಗುವುದರಿಂದ ಪಕ್ಕದಲ್ಲಿರುವ ಯಾರು ಬೇಕಾದರೂ ಕೈಹಾಕಬಹುದು. ಚಿಪ್ಪಣಬೆ ಲಿಗ್ನಿನ್ ಒಡೆಯುವುದರಲ್ಲಿ ಗಟ್ಟಿಗ, ಆದರೆ ನಿಧಾನ. ಬೂಷ್ಟುಗಳು ಲಿಗ್ನಿನ್‌ಗೆ ಕೈಹಾಕುವುದಿಲ್ಲ, ಸುಲಭವಾಗಿ ಸಿಗುವ ಸಕ್ಕರೆ ಪಿಷ್ಟಗಳನ್ನು ಹುಡುಕಿ ಓಡಿಬರುತ್ತವೆ.

ತವಡು ಹಾಕಿದಾಗ ನೀವು ಬಡಿಸಿದ್ದು ಅವಕ್ಕೆ. ತವಡು ಹಾಕಲೇಬಾರದು ಅಂತಲ್ಲ. ಹಾಕಿದರೆ ಬಿಸಿನೀರು ಸಾಲದು, ಚೀಲಗಳನ್ನು ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೂವರೆಯಿಂದ ಎರಡು ಗಂಟೆ ಇಡಬೇಕು, ಬೀಜ ಹಾಕುವುದನ್ನೂ ಗಾಳಿಯಾಡದ ಶುಭ್ರ ಜಾಗದಲ್ಲಿ ಮಾಡಬೇಕು. ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಕುದಿಯುವ ನೀರಿಗೂ ಸಾಯುವುದಿಲ್ಲ. ಅಷ್ಟು ವ್ಯವಸ್ಥೆ ಇಲ್ಲದಿದ್ದರೆ ಬರೀ ಹುಲ್ಲೇ ಒಳ್ಳೆಯದು.

ಹುಲ್ಲನ್ನು ಹದಮಾಡುವುದರಲ್ಲೂ ತಪ್ಪಾಗಿದೆ. ಸುರಿದ ನೀರು ತಣ್ಣನೆಯ ಹುಲ್ಲಿಗೆ ತಾಗಿದ ಕೂಡಲೇ ಆರತೊಡಗುತ್ತದೆ, ರಾಶಿಯ ನಡುವೆ ಶಾಖ ಸಾಲುವುದಿಲ್ಲ. 3ರಿಂದ 5 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಬಿಸಿನೀರಿನಲ್ಲಿ ಪೂರ್ತಿ ಮುಳುಗಿಸಿ ಭಾರ ಹೇರಿ. ರಾಶಿಯ ನಡುವೆ ಥರ್ಮಾಮೀಟರ್ ಚುಚ್ಚಿದಾಗ 65ರಿಂದ 75 ಡಿಗ್ರಿ ಕಂಡಮೇಲೆ ಗಡಿಯಾರ ನೋಡಿ, ಅಲ್ಲಿಂದ ಒಂದೂವರೆ ಗಂಟೆ ಅದೇ ಶಾಖ ಇರಲಿ.

ಬಸಿದ ಮೇಲೆ ತೇವದ ಪರೀಕ್ಷೆ ಕೈಯಲ್ಲೇ ಆಗುತ್ತದೆ. ಮುಷ್ಟಿಯಷ್ಟು ಹುಲ್ಲು ಬಲವಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು, ಧಾರೆಯಾಗಿ ಇಳಿಯಬಾರದು. ತೂಕದ ಲೆಕ್ಕದಲ್ಲಿ 1 ಕೆಜಿ ಒಣ ಹುಲ್ಲು ಸುಮಾರು 2.8 ಕೆಜಿ ಆದರೆ ತೇವಾಂಶ ಶೇ. 65ರ ಹತ್ತಿರ. ತೇವ ಕಡಿಮೆಯಾದರೆ ಕಿಣ್ವ ಹರಿಯಲು ನೀರೇ ಇಲ್ಲ. ಹೆಚ್ಚಾದರೆ ಹುಲ್ಲಿನ ನಡುವಿನ ಗಾಳಿಯ ಜಾಗವನ್ನೆಲ್ಲ ನೀರು ತುಂಬುತ್ತದೆ, ಉಸಿರುಕಟ್ಟಿದ ಎಳೆಗಳ ಬದಲು ಬ್ಯಾಕ್ಟೀರಿಯಾ ಏಳುತ್ತದೆ. ತಳದಲ್ಲಿ ಹಳದಿ ನೀರು ನಿಂತು ಹುಳಿವಾಸನೆ ಬಂದರೆ ಅದೇ ಕಾರಣ.

ಬೀಜವೂ ಕಡಿಮೆಯಾಯಿತು. 2.8 ಕೆಜಿ ಹಸಿ ತೂಕಕ್ಕೆ 50 ಗ್ರಾಂ ಎಂದರೆ ಶೇ. 2ಕ್ಕಿಂತ ಕೆಳಗೆ. ಶೇ. 3ರಿಂದ 5, ಅಂದರೆ 85ರಿಂದ 140 ಗ್ರಾಂ ಹಾಕಿ. ಒಂದೊಂದು ಕಾಳೂ ಒಂದೊಂದು ಆರಂಭದ ಜಾಗ. ಕಾಳುಗಳು ಹತ್ತಿರ ಹತ್ತಿರ ಇದ್ದಷ್ಟು ಎಳೆಗಳು ಬೇಗ ಕೂಡಿಕೊಳ್ಳುತ್ತವೆ, ಬೂಷ್ಟಿಗೆ ಖಾಲಿ ಜಾಗ ಸಿಗುವುದಿಲ್ಲ. ಈ ಓಟ ಗೆಲ್ಲುವುದೇ ಮೊದಲ ವಾರದಲ್ಲಿ. ಕೋಣೆ 24ರಿಂದ 26 ಡಿಗ್ರಿ ಇರಲಿ. ಚೀಲಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಉಣ್ಣುವ ಜೀವಿ ಶಾಖವನ್ನೂ ಹೊರಬಿಡುತ್ತದೆ, ಚೀಲದ ನಡುವೆ ಕೋಣೆಗಿಂತ ಹಲವು ಡಿಗ್ರಿ ಹೆಚ್ಚಿರಬಹುದು. ಒಳಗೆ 35 ದಾಟಿದರೆ ಚಿಪ್ಪಣಬೆ ಸೊರಗುತ್ತದೆ.

ಹಸಿರು ಬಣ್ಣದ್ದು ಬಹುಮಟ್ಟಿಗೆ ಟ್ರೈಕೋಡರ್ಮಾ. ಶುರುವಿನಲ್ಲಿ ಅದೂ ಬಿಳಿಯೇ, ಹಸಿರಾಗುವುದು ಬೀಜಕಣ (ಶಿಲೀಂಧ್ರ ಹರಡುವ ಸೂಕ್ಷ್ಮ ಕಣ) ಕಟ್ಟಿದಾಗ. ಅಂದರೆ ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಹರಡಲು ಸಿದ್ಧವಾಗಿರುತ್ತದೆ. ಚೀಲವನ್ನು ಬಿಚ್ಚದೆ, ಇನ್ನೊಂದು ಚೀಲದೊಳಗೆ ಹಾಕಿ ಹೊರಗೆ ಒಯ್ದು ದೂರದಲ್ಲಿ ಹೂತುಬಿಡಿ, ಕೈ ತೊಳೆಯದೆ ಉಳಿದ ಚೀಲ ಮುಟ್ಟಬೇಡಿ. ನಿಮ್ಮ ಪ್ರಶ್ನೆಗೆ ಈ ಗುಂಪಿನಲ್ಲಿ ಒಬ್ಬರು ಶಿಲೀಂಧ್ರನಾಶಕ ಹೊಡೆಯಿರಿ ಎಂದಿದ್ದಾರೆ. ನಾನು ಒಪ್ಪುವುದಿಲ್ಲ: ಬೂಷ್ಟೂ ಶಿಲೀಂಧ್ರ, ಬೆಳೆಯೂ ಶಿಲೀಂಧ್ರ, ಮೈಯಿಂದಲೇ ಹೀರಿ ಬದುಕುವ ಬೆಳೆಯನ್ನು ಕೆಲವೇ ದಿನದಲ್ಲಿ ಕೊಯ್ದು ತಿನ್ನುತ್ತೇವೆ. ಇನ್ನೊಂದು ಮಾತು, ಇದು ಕೃಷಿಯವರ ಗುಂಪಾದ್ದರಿಂದ. ಗಿಡದ ಬೇರುಕೊಳೆ ರೋಗಕ್ಕೆ ಮಣ್ಣಿಗೆ ಬೆರೆಸುವ ಟ್ರೈಕೋಡರ್ಮಾ ಪುಡಿಯೂ ಇದೇ ಕುಲದ್ದು. ಬೇರೆ ಶಿಲೀಂಧ್ರಗಳನ್ನು ಹಿಡಿದು ತಿನ್ನುವ ಗುಣಕ್ಕಾಗಿಯೇ ಅದನ್ನು ಹೊಲದಲ್ಲಿ ಬಳಸುತ್ತಾರೆ. ಆ ಪೊಟ್ಟಣ ಅಣಬೆ ಕೋಣೆಯ ಹತ್ತಿರವೂ ಬರಬಾರದು, ಅದನ್ನು ಮುಟ್ಟಿದ ದಿನ ಬಟ್ಟೆ ಬದಲಿಸದೆ ಒಳಗೆ ಹೋಗಬೇಡಿ.

ಇನ್ನು ಉದ್ದ ಕಾಲಿನ ವಿಷಯ. ಅಣಬೆ ನಮ್ಮ ಹಾಗೆ ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಚೀಲದಲ್ಲಿ ಎಳೆ ಹಬ್ಬುವ ಹಂತದಲ್ಲಿ ಅದು ಒಳಗೆ ತುಂಬಿಕೊಂಡರೂ ಚಿಪ್ಪಣಬೆಗೆ ತೊಂದರೆಯಿಲ್ಲ. ಮೊಗ್ಗು ಬಂದ ಮೇಲೆ ಲೆಕ್ಕ ಬೇರೆ. ಟೋಪಿ ಇರುವುದು ಬೀಜಕಣಗಳನ್ನು ಗಾಳಿಗೆ ಬಿಡಲು. ಸುತ್ತ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದರೆ ಕಾಲು ಚಾಚುತ್ತಲೇ ಹೋಗುತ್ತದೆ, ಟೋಪಿ ಬಿಡಿಸುವುದಿಲ್ಲ. ಅದು 1000 ಪಿಪಿಎಂಗಿಂತ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 1000 ಭಾಗ) ಕೆಳಗಿರಬೇಕು. ಅಳೆಯುವ ಯಂತ್ರ ಇಲ್ಲದಿದ್ದರೆ ಅಣಬೆಯೇ ಯಂತ್ರ: ಕಾಲು ಉದ್ದವಾದರೆ ಕಿಟಕಿ ಹೆಚ್ಚು ತೆರೆಯಿರಿ, ಟೋಪಿಯ ಅಂಚು ಒಣಗಿ ಸೀಳಿದರೆ ಗಾಳಿ ನೇರ ಬೀಸುತ್ತಿದೆ ಎಂದು ಅಡ್ಡಕ್ಕೆ ಹಸಿ ಬಟ್ಟೆ ಕಟ್ಟಿ.

ಬೆಳಕು ಬೇಕು, ಆದರೆ ಊಟಕ್ಕಲ್ಲ, ಸೂಚನೆಗೆ. ಪತ್ರಿಕೆ ಓದಲು ಸಾಕಾಗುವಷ್ಟು ಮಬ್ಬು ಬೆಳಕು ದಿನಕ್ಕೆ 8ರಿಂದ 12 ಗಂಟೆ ಇದ್ದರೆ ಟೋಪಿ ಸರಿಯಾಗಿ ರೂಪುಗೊಳ್ಳುತ್ತದೆ. ನೇರ ಬಿಸಿಲು ಚೀಲವನ್ನು ಕಾಯಿಸಿ ಒಣಗಿಸುತ್ತದೆ, ಅಷ್ಟೇ.

ಯೂರಿಯಾ ಯಾಕೆ ಬೇಡ? ಅದು ಒಡೆದು ಅಮೋನಿಯಾ ಆಗುತ್ತದೆ, ಬ್ಯಾಕ್ಟೀರಿಯಾ ಮತ್ತು ಮಸಿ ಅಣಬೆಗಳಿಗೆ (ಕಪ್ಪಾಗಿ ಕರಗಿಹೋಗುವ ಸಣ್ಣ ಛತ್ರಿಗಳು) ಅದೇ ಆಹ್ವಾನ. ಚಿಪ್ಪಣಬೆ ಹುಟ್ಟಾ ಮರದ ಜೀವಿ, ಸಾರಜನಕ ತೀರಾ ಕಡಿಮೆಯಿರುವ ಕಟ್ಟಿಗೆಯಲ್ಲಿ ಬದುಕಿ ಅಭ್ಯಾಸ. ಕಟ್ಟಿಗೆಯಲ್ಲಿ ಸಾಲದಿದ್ದಾಗ ನೆಮಟೋಡ್ ಎಂಬ ಸೂಕ್ಷ್ಮ ಹುಳುಗಳನ್ನು ವಿಷದಿಂದ ನಿಶ್ಚೇಷ್ಟಗೊಳಿಸಿ, ಎಳೆ ತೂರಿಸಿ ತಿನ್ನುತ್ತದೆ. ಹುಲ್ಲಿನಲ್ಲಿರುವುದು ಅದಕ್ಕೆ ಸಾಕು.

ನೀರು ಮಾತ್ರ ತಪ್ಪಬಾರದು. ಅಣಬೆಯ ತೂಕದಲ್ಲಿ ಸುಮಾರು ಶೇ. 90 ನೀರು. ಸೂಜಿಮೊಗ್ಗಿನ ಹಂತದಲ್ಲೇ ರಚನೆಯ ಬಹುಪಾಲು ಸಿದ್ಧವಿರುತ್ತದೆ, ಆಮೇಲಿನ ನಾಲ್ಕೈದು ದಿನ ಮುಖ್ಯವಾಗಿ ನೀರು ತುಂಬಿಕೊಂಡು ಉಬ್ಬುವ ಕೆಲಸ. ಆಗ ಕೋಣೆಯ ಆರ್ದ್ರತೆ ಶೇ. 85ರಿಂದ 90 ಇಲ್ಲದಿದ್ದರೆ ಮೊಗ್ಗು ಕಂದಿ ಅಲ್ಲೇ ಒಣಗುತ್ತದೆ. ನೆಲ ಗೋಡೆಗಳಿಗೆ ಧಾರಾಳವಾಗಿ, ಚೀಲಕ್ಕೆ ಮಂಜಿನಂತೆ ಸಿಂಪಡಿಸಿ. ಮೊಗ್ಗಿನ ಮೇಲೆ ನೀರು ನಿಂತರೆ ಕಂದು ಚುಕ್ಕೆ ಬಿದ್ದು ಕೊಳೆಯುತ್ತದೆ.

ಬಲಿತ ಅಣಬೆಯಿಂದ ಉದುರುವ ಬಿಳಿ ಪುಡಿಯನ್ನೇ (ಅದರ ಬೀಜಕಣಗಳನ್ನೇ) ಬೀಜವಾಗಿ ಉದುರಿಸಬಹುದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಬೇಡ. ಒಂದು ಬೀಜಕಣದಿಂದ ಬಂದ ಎಳೆ ಸಾಮಾನ್ಯವಾಗಿ ಫಲ ಕೊಡುವುದಿಲ್ಲ, ಹೊಂದುವ ಇನ್ನೊಂದು ಬಗೆಯ ಎಳೆಯೊಡನೆ ಕೂಡಬೇಕು. ಹಾಗೆ ಕೂಡಿದ್ದರಲ್ಲಿ ತಾಯಿಯ ಗುಣ ಬರುತ್ತದೆಂಬ ಭರವಸೆಯೂ ಇಲ್ಲ. ಕಾಳಿನ ಬೀಜದಲ್ಲಿ ಈಗಾಗಲೇ ಕೂಡಿ ಪಳಗಿದ ಎಳೆ ಇರುತ್ತದೆ. ಆ ಪುಡಿ ದಿನವೂ ಉಸಿರಿನೊಳಗೆ ಹೋದರೆ ಕೆಮ್ಮು, ಜ್ವರ, ಉಬ್ಬಸ ಬರಬಹುದು. ಟೋಪಿಯ ಅಂಚು ಇನ್ನೂ ಕೆಳಕ್ಕೆ ಬಾಗಿರುವಾಗಲೇ ಕೊಯ್ಯಿರಿ, ಒಳಗೆ ಹೋಗುವಾಗ ಮಾಸ್ಕ್ ಹಾಕಿ.

ಈಗಿರುವ ಆರು ಚೀಲಗಳ ಅಣಬೆಯನ್ನು ಬುಡ ಉಳಿಯದಂತೆ ತಿರುಚಿ ಕಿತ್ತು, ಗಾಳಿ ಹೆಚ್ಚಿಸಿ. ಎರಡನೇ ಫಸಲು 7ರಿಂದ 10 ದಿನದಲ್ಲಿ ಬರುತ್ತದೆ, ಕಾಲಿನ ಉದ್ದ ಆಗ ಹೋಲಿಸಿ ನೋಡಿ. ಹೊಸದಾಗಿ ತುಂಬುವಾಗ ತವಡಿಲ್ಲದೆ ನಾಲ್ಕು ಚೀಲ ಮಾತ್ರ ಮಾಡಿ, ಐದನೇ ದಿನ ಕಾಳಿನ ಸುತ್ತ ಬಿಳಿ ಎಷ್ಟು ಹಬ್ಬಿದೆ ಎಂದು ಹತ್ತಿರದಿಂದ ಫೋಟೋ ತೆಗೆದು ಇಲ್ಲೇ ಹಾಕಿ.