ಕಲ್ಲು ಕೂರಿಸಿದ ಹಳೇ ಚಿನ್ನದ ಡಬ್ಬಿ: ಹೇಗೆ ತೊಳೆಯುವುದು, ಎಷ್ಟು ಗ್ರಾಂ ಲೆಕ್ಕ ಹಾಕುವುದು?

ತೊಳೆಯಬೇಡಿ. ಮಿಕ್ಕಿದ್ದನ್ನು ಆಮೇಲೆ ಓದಿ, ಮೊದಲು ಆ ಡಬ್ಬಿಯನ್ನು ಎತ್ತಿ ಒಣಗಿದ ಜಾಗದಲ್ಲಿ ಇಡಿ.

ಸೋದರಮಾವ ಜರ್ಮನಿಯಿಂದ ತಂದಿಟ್ಟಿದ್ದು, ಮುಚ್ಚಳದ ತುಂಬ ಬಣ್ಣಬಣ್ಣದ ಕಲ್ಲು, ನಡುನಡುವೆ ಚಿನ್ನದ ಗೆರೆ, ಕೊಳೆ ಕೂತಿದೆ, ತೊಳೆದು ಅಕ್ಕಸಾಲಿಗರ ಹತ್ತಿರ ತೂಕ ಹಾಕಿಸೋಣ ಅಂತ ಬರೆದಿದ್ದೀರಿ. ಒಂಬತ್ತು ವರ್ಷದ ಹಿಂದಿನ ನನ್ನನ್ನೇ ನೋಡಿದ ಹಾಗಾಯಿತು.

2016ರಲ್ಲಿ ನಾನು ಚಿಪ್ ಕಾರ್ಖಾನೆಯೊಂದರ ಕೆಲಸಕ್ಕೆ ಡ್ರೆಸ್ಡೆನ್‌ಗೆ ಬಂದೆ. ಇಲ್ಲಿ ಎಲ್ಬೆ ನದಿ ದಂಡೆಯಲ್ಲಿ, ಆಲ್ಬರ್ಟ್ ಸೇತುವೆಯ ಪಕ್ಕ, ಶನಿವಾರ ಹಳೇ ಸಾಮಾನಿನ ಸಂತೆ ಸೇರುತ್ತದೆ. ಪಿಂಗಾಣಿ ತಟ್ಟೆ, ತುಕ್ಕು ಹಿಡಿದ ಬೀಗ, ಯಾರದ್ದೋ ಮದುವೆ ಫೋಟೋ, ಏನು ಬೇಕಾದರೂ ಸಿಗುತ್ತದೆ. ಮಾರನೇ ವರ್ಷ ಅಲ್ಲಿ ಒಬ್ಬ ಅಜ್ಜಿಯ ಮೇಜಿನ ಮೇಲೆ ಒಂದು ದುಂಡು ಡಬ್ಬಿ ಕಂಡಿತು. ಅಂಗೈಯಲ್ಲಿ ಮುಚ್ಚಿಡಬಹುದು, ಅಷ್ಟೇ ಗಾತ್ರ. ಮುಚ್ಚಳದ ನಡುವೆ ಒಂದು ಕಲ್ಲು, ಸುತ್ತ ಸೂರ್ಯಕಾಂತಿ ಎಸಳಿನ ಹಾಗೆ ಸಾಲುಸಾಲು ಕಲ್ಲು. ಒಂದು ಬೆಲ್ಲದ ಪಾಕದ ಬಣ್ಣ, ಒಂದು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಪ್ರತಿ ಕಲ್ಲಿನ ಪಕ್ಕ, ಲೋಹದ ಗೆರೆಯ ಮೇಲೆ, ಇರುವೆ ಕಾಲಿನಷ್ಟು ಸಣ್ಣ ಅಂಕಿ. 450 ಯೂರೋ ಅಂದರು, ಚೌಕಾಸಿ ಮಾಡಿ 380ಕ್ಕೆ ತಂದೆ. ಅಂಕಿ ಯಾಕೆ ಇದೆ ಅಂತ ಕೇಳಲೂ ಇಲ್ಲ.

ನಮ್ಮಜ್ಜ ಸೊಂಟದಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ತಗಡಿನ ಡಬ್ಬಿಗೂ ಇದಕ್ಕೂ ಕೆಲಸ ಒಂದೇ, ನಶ್ಯ ಇಡುವುದು. ಹದಿನೆಂಟನೇ ಶತಮಾನದಲ್ಲಿ ಯುರೋಪಿನ ದೊಡ್ಡವರೆಲ್ಲ ನಶ್ಯ ಏರಿಸುತ್ತಿದ್ದರು. ಡಬ್ಬಿ ಅವರ ಅಂತಸ್ತು.

ಆಗ ಅಮ್ಮ ಮೊಮ್ಮಗಳನ್ನು ನೋಡಿಕೊಳ್ಳುವುದಕ್ಕೆ ತಿಪಟೂರಿನಿಂದ ಬಂದಿದ್ದರು. ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹುಣಸೆಹಣ್ಣಿನ ಜೊತೆ ಒಂದು ಪೊಟ್ಟಣ ಅಂಟುವಾಳಕಾಯಿ. ಅವರ ಸರ, ಬಳೆ ಎಲ್ಲ ಅದರಲ್ಲೇ ತೊಳೆಯುವುದು. ನಾನೂ ಹಾಗೇ ಮಾಡಿದೆ. ಅಮ್ಮ ಹೇಳಲಿಲ್ಲ, ತಪ್ಪು ಅವರ ಮೇಲೆ ಹಾಕಬಾರದು. ಬಿಸಿನೀರಿಗೆ ಅಂಟುವಾಳ ಕಿವುಚಿ, ನೊರೆ ಬರಿಸಿ, ಡಬ್ಬಿಯನ್ನು ಅದರಲ್ಲಿ ಮುಳುಗಿಸಿ ಮುಕ್ಕಾಲು ಗಂಟೆ ಬಿಟ್ಟೆ. ಆಮೇಲೆ ಮಗಳ ಹೊಸ ಟೂತ್‌ಬ್ರಷ್ ತಗೊಂಡು ಸುಮ್ನೆ ಮೆಲ್ಲಗೆ ಉಜ್ಜಿದೆ. ಒಂದು ಕಲ್ಲು ಅಲುಗಾಡಿತು. ಹಾಲುಹಲ್ಲಿನ ಹಾಗೆ. ನೋಡನೋಡುತ್ತ ಬಟ್ಟಲಿನ ತಳದಲ್ಲಿ ಹದಿನಾಲ್ಕು ಕಲ್ಲು.

ಸರ ತೊಳೆದರೆ ಏನೂ ಆಗುವುದಿಲ್ಲ, ಅದು ಬರೀ ಲೋಹ. ಇಲ್ಲಿ ಹಾಗಲ್ಲ. ಲೋಹದ ಸಣ್ಣ ಗೋಡೆ ಕಟ್ಟಿ, ಆ ಗೂಡಿನ ಅಳತೆಗೆ ಕಲ್ಲನ್ನು ತೆಳ್ಳಗೆ ಸೀಳಿ, ಉಜ್ಜಿ, ಅಂಟು ಹಾಕಿ ಕೂರಿಸಿರುತ್ತಾರೆ. ಅದನ್ನು ಹಿಡಿದಿರುವುದು ಹಳೇ ಅಂಟು. ಬಿಸಿನೀರು ಸಂದಿಯಲ್ಲಿ ಇಳಿದರೆ ಅಂಟು ಮೆತ್ತಗಾಗುತ್ತದೆ. ಹಳೇ ಕೆಲಸದಲ್ಲಿ ಪಾರದರ್ಶಕ ಕಲ್ಲಿನ ಅಡಿ ಹೊಳಪಿಗೆ ಅಂತ ತೆಳು ಲೋಹದ ಹಾಳೆ ಇಡುವುದೂ ಉಂಟು. ಅದಕ್ಕೆ ನೀರು ತಾಗಿದರೆ ಕಪ್ಪಾಗಿ ಹೋಗುತ್ತದೆ, ಕಲ್ಲಿಗೆ ಕಣ್ಣುಪೊರೆ ಬಂದ ಹಾಗೆ ಕಾಣುತ್ತದೆ.

ತೊಳೆದದ್ದು ತಪ್ಪು, ಸರಿ. ಇವತ್ತಿಗೂ ಹೊಟ್ಟೆ ಉರಿಸುವುದು ಬೇರೆ: ತೊಳೆಯುವ ಮುಂಚೆ ಒಂದೇ ಒಂದು ಫೋಟೋ ತೆಗೆಯಲಿಲ್ಲ. ಅಂಕಿ ಇರುವುದು ಗೋಡೆಯ ಮೇಲೆ. ಕಲ್ಲಿನ ಮೇಲೆ ಏನೂ ಇಲ್ಲ. ಗಾಬರಿಯಲ್ಲಿ ಹದಿನಾಲ್ಕನ್ನೂ ಬಾಚಿ ಟವೆಲ್ ಮೇಲೆ ಸುರಿದೆ. ಒಂದೇ ಸುತ್ತಿನ ಕಲ್ಲುಗಳಿಗೆಲ್ಲ ಆಕಾರವೂ ಒಂದೇ ಅಲ್ವಾ? ಯಾವುದು ಯಾವ ಗೂಡಿನದು ಅಂತ ಯಾರು ಹೇಳಬೇಕು? ಫೋನ್ ಜೇಬಿನಲ್ಲೇ ಇತ್ತು. ಊಟದ ತಟ್ಟೆ ಫೋಟೋ ತೆಗೆಯುವ ಮನುಷ್ಯ ನಾನು.

ಅಂಕಿಯ ಗುಟ್ಟು ಗೊತ್ತಾದದ್ದು ಮುಂದಿನ ವಾರ, ಇಲ್ಲಿನ ಅರಮನೆಯ ಗ್ರೂನೆಸ್ ಗೆವೋಲ್ಬೆ ಅನ್ನುವ ಖಜಾನೆ ಮ್ಯೂಸಿಯಂನಲ್ಲಿ. ಯೋಹಾನ್ ಕ್ರಿಸ್ಟಿಯಾನ್ ನಾಯ್ಬರ್ ಅಂತ ಅರಮನೆಯ ಅಕ್ಕಸಾಲಿ, 1736ರಲ್ಲಿ ಹುಟ್ಟಿದವನು. 1769ರಲ್ಲಿ ಅದೇ ಖಜಾನೆಯ ಉಸ್ತುವಾರಿ ಅವನಿಗೆ ಬಂತು. ಡ್ರೆಸ್ಡೆನ್ ಇರುವ ಈ ಸ್ಯಾಕ್ಸನಿ ಗಣಿಗಳ ನಾಡು. ಪಕ್ಕದ ಫ್ರೈಬರ್ಗ್‌ನಲ್ಲಿ 1765ರಲ್ಲೇ ಗಣಿ ಕಾಲೇಜು ತೆರೆದಿದ್ದರು. ಕಲ್ಲು ಕೂಡಿಹಾಕುವುದು ಆಗ ಓದಿದವರ ಹುಚ್ಚು. ನಾಯ್ಬರ್ ಆ ನಾಡಿನ ಅಗೇಟು, ಜಾಸ್ಪರ್, ಕಾರ್ನೀಲಿಯನ್, ಅಮೆಥಿಸ್ಟ್ ಅನ್ನುವ ಬಣ್ಣದ ಕಲ್ಲುಗಳನ್ನು ಡಬ್ಬಿಯ ಮೇಲೆ ಕೂರಿಸಿ, ಒಂದೊಂದಕ್ಕೂ ಅಂಕಿ ಕೆತ್ತಿ, ಇಷ್ಟನೇ ಅಂಕಿ ಇಂಥ ಕಲ್ಲು, ಇಂಥ ಊರಿನದು ಅಂತ ಪುಟಾಣಿ ಪುಸ್ತಕ ಜೊತೆಗೆ ಕೊಡುತ್ತಿದ್ದ. ಕೆಲವದರಲ್ಲಿ ಆ ಪುಸ್ತಕ ಡಬ್ಬಿಯೊಳಗೇ ಗುಟ್ಟಾಗಿ ಅಡಗಿರುತ್ತದೆ. ಜೇಬಿನಲ್ಲಿ ಇಟ್ಟುಕೊಳ್ಳುವ ಭೂಗರ್ಭ ಶಾಸ್ತ್ರ. ಆಸ್ಟ್ರಿಯಾ, ಪ್ರಷ್ಯಾಗಳ ಯುದ್ಧ ನಿಲ್ಲಿಸಿದ 1779ರ ಟೆಷೆನ್ ಒಪ್ಪಂದ ಕುದುರಿಸಿದ್ದಕ್ಕೆ ಫ್ರಾನ್ಸಿನ ರಾಯಭಾರಿ ಬ್ರೆತೋಯ್‌ಗೆ ಇಲ್ಲಿನ ದೊರೆ ಕೊಟ್ಟದ್ದು ನಾಯ್ಬರ್‌ನದೇ ಕೈಕೆಲಸದ ಮೇಜು. 128 ಕಲ್ಲು, 128 ಅಂಕಿ, ಜೊತೆಗೊಂದು ಪುಸ್ತಕ. ಈಗ ಪ್ಯಾರಿಸ್‌ನ ಲೂವ್ರ್‌ನಲ್ಲಿದೆ.

ಆ ಗಾಜಿನ ಮುಂದೆ ನಿಂತಾಗ ನನ್ನ ಜೇಬಿನಲ್ಲಿ ಜಿಪ್ ಚೀಲ, ಅದರಲ್ಲಿ ಹದಿನಾಲ್ಕು ಕಲ್ಲು.

ರಿಪೇರಿ ಮಾಡುವ ಒಬ್ಬ ಹೆಂಗಸಿನ ಹತ್ತಿರ ಹೋದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತುಂಬ ಹೊತ್ತು ನೋಡಿದರು. ನಾಯ್ಬರ್ ಕೈಯಲ್ಲ, ಅದೇ ಮಾದರಿಯಲ್ಲಿ ಆಮೇಲೆ ಯಾರೋ ಮಾಡಿದ್ದು, ಲೋಹ ತಾಮ್ರ, ಮೇಲೆ ಚಿನ್ನದ ಲೇಪ ಅಂದರು. ಆದರೂ ಒಳ್ಳೇ ಕೆಲಸವಂತೆ. ‘ಕೊಳೆಯ ಸಮೇತ ತಂದಿದ್ದರೆ ಒಂದು ಮಧ್ಯಾಹ್ನದ ಕೆಲಸ’ ಅಂದರು. ಬಿಲ್ 620 ಯೂರೋ ಆಯಿತು. ಒಂಬತ್ತು ಕಲ್ಲು ಗೂಡಿನ ಅಂಚಿಗೆ ಹೊಂದಿಸಿ ನೋಡಿದಾಗ ತಮ್ಮ ಜಾಗಕ್ಕೆ ಹೋದವು. ಉಳಿದ ಐದನ್ನು ಅಂದಾಜಿನ ಮೇಲೆ ಕೂರಿಸಿದ್ದಾರೆ.

ಈಗ ನಿಮ್ಮ ಗ್ರಾಂ ಲೆಕ್ಕಕ್ಕೆ ಬರೋಣ. ನಿಮ್ಮ ಪ್ರಶ್ನೆಯೇ ಸರಿಯಿಲ್ಲ, ಬೇಜಾರು ಮಾಡ್ಕೋಬೇಡಿ. ನಮ್ಮ ಕಡೆ ಅಂಗಡಿಯಲ್ಲಿ ಕಲ್ಲಿನ ತೂಕ ಕಳೆದು ಚಿನ್ನಕ್ಕೆ ಮಾತ್ರ ಬೆಲೆ ಕಟ್ಟುತ್ತಾರೆ. ಕಳೆಯುವುದಕ್ಕೆ ಕಲ್ಲು ಕಿತ್ತರೂ ಕಿತ್ತರೇ. ಈ ಡಬ್ಬಿಯಲ್ಲಿ ಬೆಲೆ ಇರುವುದೇ ಅವರು ಕಳೆಯುವ ಭಾಗದಲ್ಲಿ. ಅಗೇಟು ಬಿಡಿಯಾಗಿ ಮಾರಿದರೆ ಜಾಸ್ತಿ ಏನೂ ಬರುವುದಿಲ್ಲ. ಅದನ್ನು ಹಾಗೆ ಸೀಳಿ, ಕೂದಲೆಳೆ ಸಂದಿ ಬಿಡದ ಹಾಗೆ ಕೂರಿಸಿದ ಕೈಗೆ ಬೆಲೆ. ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ಕಲ್ಲು ಕೂರಿಸಿದ ನೆಲ ನೋಡಿದ್ದೀರಲ್ಲ, ಅದನ್ನು ಯಾರಾದರೂ ಕೆಜಿ ಲೆಕ್ಕದಲ್ಲಿ ಕೇಳುತ್ತಾರಾ? ಅಂಗಡಿಯವರು ‘ಮಷಿನ್‌ಗೆ ಹಾಕಿ ಕೊಡ್ತೀವಿ’ ಅಂದರೆ ಎದ್ದು ಬನ್ನಿ. ನೀರಿನಲ್ಲಿ ಕಂಪನ ಎಬ್ಬಿಸಿ ಕೊಳೆ ಬಿಡಿಸುವ ಆ ಅಲ್ಟ್ರಾಸಾನಿಕ್ ಮಷಿನ್ ನನ್ನ ಟೂತ್‌ಬ್ರಷ್‌ಗಿಂತ ಕೆಟ್ಟದ್ದು.

ಇನ್ನೊಂದು ಸಾಧ್ಯತೆ, ಚೂರುಗಳು ಸಾಸಿವೆಗಿಂತ ಸಣ್ಣಗಿದ್ದು ಪಾರಿವಾಳವೋ ಹಾಳು ಗುಡಿಯೋ ಚಿತ್ರ ಇದ್ದರೆ ಅದು ರೋಮ್‌ನ ಕೆಲಸ ಇರಬಹುದು. ಅದು ಕಲ್ಲಲ್ಲ, ಗಾಜು. ಅದಕ್ಕೂ ನೀರು ಬೇಡ. ಎರಡೂ ಬಗೆಯನ್ನು ನೋಡಬೇಕೆಂದರೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಗಿಲ್ಬರ್ಟ್ ಸಂಗ್ರಹದ ಫೋಟೋಗಳನ್ನು ಹುಡುಕಿ.

ಲಂಡನ್ ಅಂದೆ ಅಂತ ಅಲ್ಲಿನ ಹರಾಜಿಗೆ ಕೊರಿಯರ್ ಮಾಡಲು ಹೋಗಬೇಡಿ. ನೂರು ವರ್ಷ ದಾಟಿದ ಕಲಾವಸ್ತುವನ್ನು ಭಾರತದಿಂದ ಹೊರಗೆ ಕಳಿಸುವುದಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆಯ ತಡೆ ಇದೆ. ಮೊದಲು ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ.

ಇವತ್ತು ಮಾಡಬೇಕಾದ್ದು ಇಷ್ಟೇ. ಕಿಟಕಿ ಬೆಳಕಿನಲ್ಲಿ ಮುಚ್ಚಳ, ತಳ, ಒಳಗು, ಪಕ್ಕ ಎಲ್ಲ ಹತ್ತಿರದಿಂದ ಫೋಟೋ ತೆಗೆಯಿರಿ. ಒಣ ಬಣ್ಣದ ಬ್ರಷ್‌ನಿಂದ ಧೂಳು ಕೊಡವಿ, ಸಾಕು. ಮಾವನ ಟ್ರಂಕು, ಹಳೇ ಪಾಸ್‌ಪೋರ್ಟು, ಬೀರುವಿನ ಕಾಗದಪತ್ರ ಯಾವುದನ್ನೂ ರದ್ದಿಗೆ ಹಾಕಬೇಡಿ, ಅಂಕಿಯ ಪುಟಾಣಿ ಪುಸ್ತಕ ಅದರಲ್ಲೇ ಇದ್ದರೂ ಇರಬಹುದು. ತಳ ಮಾಮೂಲಿಗಿಂತ ದಪ್ಪ ಇದ್ದರೆ ಒತ್ತಿ ತೆರೆಯುವ ಸಾಹಸವನ್ನೂ ಮಾಡಬೇಡಿ.

ನಮ್ಮ ಡಬ್ಬಿ ಈಗ ಟಿವಿ ಪಕ್ಕದ ಶೆಲ್ಫಿನಲ್ಲಿದೆ. ಮಗಳು ಆಗಾಗ ಇಳಿಸಿಕೊಂಡು ಅಂಕಿ ಓದುತ್ತಾಳೆ. 37 ಇಲ್ಲಿದೆ, ಇದು ಯಾವ ಕಲ್ಲು ಅಪ್ಪ, ಅಂತಾಳೆ. 37 ಆ ಐದರಲ್ಲಿ ಒಂದು.

ನಿಮ್ಮದರಲ್ಲಿ ಅಂಕಿ ಇದೆಯಾ? ಗೆರೆಯ ಮೇಲೆ ಟಾರ್ಚ್ ಓರೆಯಾಗಿ ಹಿಡಿದರೆ ಕಾಣುತ್ತದೆ. ನೋಡಿ ಹೇಳಿ.